ಸಂಖ್ಯೆ ಆಸ್ಪತ್ರೆಯದು, ಸಹಿ ವೈದ್ಯರದು

ಸರ್ಕಾರಿ ಆರೋಗ್ಯ ಯೋಜನೆಯ ಹಣಕ್ಕೆ ಬಿಲ್ ಸಲ್ಲಿಸುವ ಹಕ್ಕು ಕರ್ನಾಟಕದಲ್ಲಿ ಇರುವುದು ಆಸ್ಪತ್ರೆಗೆ, ವೈದ್ಯರಿಗಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳಲ್ಲಿ ಎಷ್ಟೇ ಹೆಸರುವಾಸಿ ವೈದ್ಯರಿರಲಿ, ಅವರು ತಮ್ಮ ಸ್ವಂತ ಹೆಸರಿನಲ್ಲಿ, ಯೋಜನೆಯ ಹಣ ಕೊಡುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ ಒಂದು ರೂಪಾಯಿಯ ಕ್ಲೇಮನ್ನೂ ಕಳಿಸಲಾರರು. ಅವರು ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆ ಟ್ರಸ್ಟ್‌ನ ಪಟ್ಟಿಯಲ್ಲಿದ್ದರೆ ಹಣ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಆ ಹಣ ಹೊರಡುವ ಮುನ್ನ ಮೂರು ನೋಂದಣಿಗಳು ಸರಿಯಿರಬೇಕು: ವೈದ್ಯರದು ವೈದ್ಯಕೀಯ ಪರಿಷತ್ತಿನಲ್ಲಿ, ಖಾಸಗಿ ಆಸ್ಪತ್ರೆಯದು ಜಿಲ್ಲಾ ಪ್ರಾಧಿಕಾರದಲ್ಲಿ, ಮತ್ತು ಅದೇ ಆಸ್ಪತ್ರೆಯದು ಟ್ರಸ್ಟ್‌ನಲ್ಲಿ. ಈ ಮೂರಕ್ಕೂ ಬೇರೆ ಬೇರೆ ಕಟ್ಟಳೆ, ಬೇರೆ ಬೇರೆ ಕಚೇರಿ. ರೋಗಿಗೆ ತೊಂದರೆಯಾಗುವುದು ಬಹಳ ಸಲ ಈ ಮೂರರ ನಡುವಿನ ಸಂದುಗಳಲ್ಲಿ.

ವೈದ್ಯರ ಸಂಖ್ಯೆಯಿಂದಲೇ ಶುರು ಮಾಡಬೇಕು. ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್ ಪೂರೈಸಿದವರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ಅಂದರೆ ಕೆಎಂಸಿಯಲ್ಲಿ, ಹೆಸರು ನೋಂದಾಯಿಸಬೇಕು. ಪರಿಷತ್ತು ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆ, 1961ರಡಿ ನಡೆಯುತ್ತದೆ. ಅಲ್ಲಿ ಸಿಗುವ ಸಂಖ್ಯೆ ವೈದ್ಯರಿಗೆ ರಾಜ್ಯದಲ್ಲಿ ಚಿಕಿತ್ಸೆ ಕೊಡುವ ಅಧಿಕಾರ ಕೊಡುತ್ತದೆ. ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿಯ ಪ್ರಕಾರ ಈ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು. ಔಷಧ ಚೀಟಿ, ಪ್ರಮಾಣಪತ್ರ, ಹಣ ಪಡೆದ ರಸೀದಿ ಎಲ್ಲದರ ಮೇಲೂ ನಮೂದಿಸಬೇಕು. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದರ ಜಾಗಕ್ಕೆ ಹೊಸ ನಿಯಮಾವಳಿ ತಂದು, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ತಡೆಹಿಡಿಯಿತು. ಹಾಗಾಗಿ 2002ರದೇ ಮತ್ತೆ ಜಾರಿಗೆ ಬಂತು. ರಸೀದಿಯ ಮೇಲೆ ಸಂಖ್ಯೆ ಇರಬೇಕೆಂಬ ಈ ಚಿಕ್ಕ ನಿಯಮ ಗ್ರಾಹಕರಿಗೆ ಇರುವ ದೊಡ್ಡ ರಕ್ಷಣೆ. ಕೇಳುವವರು ಕಡಿಮೆ ಇರುವುದರಿಂದ ಅದು ಬಹುಪಾಲು ಕಾಗದದಲ್ಲೇ ಉಳಿದಿದೆ.

ಸಂಖ್ಯೆ ಇಲ್ಲದೆ ವೈದ್ಯವೃತ್ತಿ ನಡೆಸಿದವರಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019ರ 34ನೇ ಸೆಕ್ಷನ್ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. ಆಯುರ್ವೇದ, ಯುನಾನಿ, ಹೋಮಿಯೋಪತಿ ವೈದ್ಯರಿಗೆ ಅವರವರ ಮಂಡಳಿಗಳ ನೋಂದಣಿ ಇದೆ. ಅದು ಆಯಾ ಪದ್ಧತಿಯ ಚಿಕಿತ್ಸೆಗೆ. ರಾಜ್ಯದ ಕಾನೂನು ಅನುಮತಿ ಕೊಟ್ಟಿದ್ದರೆ ಮಾತ್ರ ಅವರು ಅಲೋಪತಿ ಔಷಧ ಬರೆಯಬಹುದು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ ಹೇಳಿತು. ಆಂಧ್ರದ ಗಡಿಗೆ ಹೊಂದಿಕೊಂಡ ಹಳ್ಳಿಗಳಲ್ಲಿ ಜನ ‘ಆರ್‌ಎಂಪಿ ಡಾಕ್ಟರ್’ ಎಂದು ಕರೆಯುವ ಒಂದು ವರ್ಗವಿದೆ. ಜ್ವರಕ್ಕೆ ಸೂಜಿ ಹಾಕಿ, ಸುಸ್ತಿಗೆ ಗ್ಲೂಕೋಸ್ ಏರಿಸಿ, ಕೈಮೀರಿದಾಗ ಪೇಟೆಗೆ ಕಳಿಸುವವರು ಇವರು. ಇವರಲ್ಲಿ ಎಷ್ಟೋ ಮಂದಿಗೆ ಯಾವ ಮಂಡಳಿಯ ಸಂಖ್ಯೆಯೂ ಇಲ್ಲ. ಯೋಜನೆಯ ಹಣ ಇವರ ಕೈಗೆ ನೇರವಾಗಿ ಹೋಗುವ ದಾರಿಯಿಲ್ಲ. ಆದರೆ ರೋಗಿ ಯಾವ ಆಸ್ಪತ್ರೆಯ ಬಾಗಿಲು ತಟ್ಟಬೇಕೆಂದು ಮೊದಲು ಹೇಳುವವರು ಬಹಳ ಸಲ ಇವರೇ, ಮತ್ತು ಆ ಸಲಹೆ ತಪ್ಪಿದರೆ ಮುಂದೆ ಯೋಜನೆಯೂ ಕೈಕೊಡುತ್ತದೆ.

ಎರಡನೆಯದು ಖಾಸಗಿ ಆಸ್ಪತ್ರೆಯ ಸಂಖ್ಯೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಇದರ ಮೂಲ. ಎಲ್ಲರ ಬಾಯಲ್ಲೂ ಅದು ಕೆಪಿಎಂಇ. 1976ರ ನರ್ಸಿಂಗ್ ಹೋಮ್ ಕಾಯ್ದೆಯ ಜಾಗಕ್ಕೆ ಬಂದ ಈ ಕಾನೂನು ಒಂದೇ ಕೊಠಡಿಯ ಕ್ಲಿನಿಕ್ಕಿನಿಂದ ಹಿಡಿದು ರಕ್ತಪರೀಕ್ಷೆಯ ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್, ದೊಡ್ಡ ಆಸ್ಪತ್ರೆಯವರೆಗೆ ಎಲ್ಲ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ನೋಂದಣಿಯ ಅವಧಿ ಐದು ವರ್ಷ. ನೋಂದಣಿ ಕೊಡುವ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಸದಸ್ಯ ಕಾರ್ಯದರ್ಶಿ. ಮುಳಬಾಗಿಲಿನ ಕ್ಲಿನಿಕ್ ಆಗಲಿ, ಮಾಲೂರಿನ ನರ್ಸಿಂಗ್ ಹೋಮ್ ಆಗಲಿ, ಅರ್ಜಿ ಹೋಗಿ ನಿಲ್ಲುವುದು ಕೋಲಾರದಲ್ಲೇ. ಜಿಲ್ಲೆಯ ಎಸ್‌ಎನ್‌ಆರ್ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಂಥ ಸರ್ಕಾರಿ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಈ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಇಲ್ಲಿ ಮುಖ್ಯ. ಎಲ್ಲ ರೋಗಿಗಳಿಗೂ ಅನ್ವಯಿಸುವಂತೆ ಚಿಕಿತ್ಸೆಯ ದರವನ್ನು ಸರ್ಕಾರವೇ ಗೊತ್ತುಮಾಡಬೇಕೆಂಬ ಪ್ರಸ್ತಾವಕ್ಕೆ ಖಾಸಗಿ ವೈದ್ಯರು ತೀವ್ರವಾಗಿ ಪ್ರತಿಭಟಿಸಿದರು. ಆ ವರ್ಷ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಮುಷ್ಕರ ನಡೆಯಿತು, ಹೊರರೋಗಿ ಸೇವೆ ನಿಂತಿತು. ಕೊನೆಗೆ ಒಪ್ಪಿಗೆ ಪಡೆದ ರೂಪದಲ್ಲಿ, ಸರ್ಕಾರದ ಆರೋಗ್ಯ ಯೋಜನೆಗಳಡಿ ಬರುವ ರೋಗಿಗಳಿಗೆ ಮಾತ್ರ ಸರ್ಕಾರ ದರ ಗೊತ್ತುಮಾಡುತ್ತದೆ; ಉಳಿದವರಿಗೆ ಆಸ್ಪತ್ರೆ ತನ್ನ ದರಪಟ್ಟಿಯನ್ನು ಪ್ರದರ್ಶಿಸಿದರೆ ಸಾಕು. ಒಂದೇ ವಾರ್ಡಿನಲ್ಲಿ, ಒಂದೇ ಶಸ್ತ್ರಚಿಕಿತ್ಸೆಗೆ, ಪಕ್ಕಪಕ್ಕದ ಎರಡು ಹಾಸಿಗೆಗಳಿಗೆ ಎರಡು ದರ ಇರುವುದಕ್ಕೆ ಕಾರಣ ಈ ಒಪ್ಪಂದ. 2024ರಲ್ಲಿ ಆರೋಗ್ಯ ಇಲಾಖೆ ಮತ್ತೊಂದು ಸೂಚನೆ ಹೊರಡಿಸಿತು: ಕ್ಲಿನಿಕ್ಕಿನ ಮುಂದಿನ ಫಲಕದಲ್ಲಿ ಕೆಪಿಎಂಇ ಸಂಖ್ಯೆ ಕಾಣಬೇಕು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣದ ಫಲಕ ಇರಬೇಕು. ಓದು ಬಾರದವರೂ ಗುರುತಿಸಬಹುದಾದ ವ್ಯವಸ್ಥೆ ಇದು. ಗಡಿ ತಾಲ್ಲೂಕುಗಳಿಗೆ ಇದರ ಅಗತ್ಯ ಹೆಚ್ಚು. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ, ಕನ್ನಡ ಫಲಕ ಓದಲಾಗದವರಿಗೂ ಬಣ್ಣ ತಿಳಿಯುತ್ತದೆ.

ಈ ಎರಡು ಸಂಖ್ಯೆಗಳಿದ್ದರೆ ಚಿಕಿತ್ಸೆ ಕೊಡಬಹುದು, ರೋಗಿಯಿಂದ ಹಣ ಪಡೆಯಬಹುದು. ಸರ್ಕಾರದಿಂದ ಹಣ ಪಡೆಯಲು ಮೂರನೆಯದು ಬೇಕು.

ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಹುಟ್ಟಿದ್ದು 2009ರಲ್ಲಿ. ಮರುವರ್ಷ ವಾಜಪೇಯಿ ಆರೋಗ್ಯಶ್ರೀ ಯೋಜನೆ ಕಲಬುರಗಿ ವಿಭಾಗದಲ್ಲಿ ಶುರುವಾಗಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಉಚಿತವಾಗಿಸಿತು. ಬೆಂಗಳೂರು ವಿಭಾಗಕ್ಕೆ ಸೇರಿದ ಕೋಲಾರಕ್ಕೆ ಅದು ಬಂದದ್ದು 2012ರಲ್ಲಿ. ಆಮೇಲೆ ಬೇರೆ ಬೇರೆ ವರ್ಗಗಳಿಗೆ ಬೇರೆ ಬೇರೆ ಯೋಜನೆಗಳು ಸೇರಿಕೊಂಡು, ಯಾರಿಗೆ ಯಾವುದು ಎಂಬ ಗೊಂದಲ ಬೆಳೆಯಿತು. 2018ರ ಮಾರ್ಚ್ 2ರಂದು ‘ಆರೋಗ್ಯ ಕರ್ನಾಟಕ’ ಎಂಬ ಒಂದೇ ಛತ್ರಿಯಡಿ ಅವನ್ನು ತರಲಾಯಿತು. ಅದೇ ವರ್ಷ ಅಕ್ಟೋಬರ್ 30ರಂದು ಕೇಂದ್ರದ ಆಯುಷ್ಮಾನ್ ಭಾರತ್ ಅದರೊಂದಿಗೆ ಬೆಸೆದುಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪೂರ್ತಿ ವೆಚ್ಚ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಇದರಲ್ಲಿ ವಿಮಾ ಕಂಪನಿ ಇಲ್ಲ. ಸರ್ಕಾರದ ಹಣವನ್ನು ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಕೊಡುತ್ತದೆ. ಆದ್ದರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಕಟ್ಟಳೆಗಳು ಇಲ್ಲಿಗೆ ಅನ್ವಯಿಸುವುದಿಲ್ಲ. ಖಾಸಗಿ ಪಾಲಿಸಿ ಇದ್ದವರು ಹೋಗುವ ವಿಮಾ ಒಂಬುಡ್ಸ್‌ಮನ್ ಬಳಿಗೆ ಈ ಯೋಜನೆಯ ರೋಗಿ ಹೋಗುವಂತಿಲ್ಲ.

ಟ್ರಸ್ಟ್‌ನ ಪಟ್ಟಿಗೆ ಸೇರುವುದು ಒಂದು ಒಡಂಬಡಿಕೆ. ಸರ್ಕಾರಿ ಆಸ್ಪತ್ರೆ ಒಳರೋಗಿ ಸೌಲಭ್ಯ ಹೊಂದಿದ್ದರೆ ತಾನಾಗಿಯೇ ಸೇರಿದಂತೆ. ಖಾಸಗಿ ಆಸ್ಪತ್ರೆ ಆನ್‌ಲೈನ್ ಅರ್ಜಿ ಹಾಕಬೇಕು, ಜಿಲ್ಲಾ ಸಮಿತಿ ಬಂದು ಪರಿಶೀಲಿಸಬೇಕು, ರಾಜ್ಯ ಸಮಿತಿ ಒಪ್ಪಬೇಕು, ಆಮೇಲೆ ಸಹಿ. ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯವಾಗಿ ಕನಿಷ್ಠ 10 ಹಾಸಿಗೆ ಬೇಕು, ದಿನದ 24 ಗಂಟೆಯೂ ವೈದ್ಯರು ಮತ್ತು ದಾದಿಯರು ಇರಬೇಕು, ಯಾವ ವಿಭಾಗಕ್ಕೆ ಅರ್ಜಿ ಹಾಕಿದೆಯೋ ಆ ವಿಭಾಗದ ತಜ್ಞರಿರಬೇಕು. ತಜ್ಞರ ಹೆಸರು, ಪದವಿ, ವೈದ್ಯಕೀಯ ಪರಿಷತ್ತಿನ ಸಂಖ್ಯೆ ಅರ್ಜಿಯಲ್ಲೇ ಬರೆಯಬೇಕು. ಮೊದಲನೆಯ ಸಂಖ್ಯೆ ಮೂರನೆಯದಕ್ಕೆ ತಾಗುವುದು ಈ ಒಂದು ಕಡೆಯಲ್ಲಿ. ಮಾನ್ಯತೆ ಇಡೀ ಆಸ್ಪತ್ರೆಗೆ ಒಟ್ಟಾಗಿ ಸಿಗುವುದಲ್ಲ, ವಿಭಾಗವಾರು ಸಿಗುತ್ತದೆ. ಮೂಳೆ ವಿಭಾಗಕ್ಕೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡರೆ ಬಿಲ್ ರೋಗಿಯ ತಲೆಗೇ ಬರುತ್ತದೆ. ಗೇಟಿನ ಮೇಲೆ ಆಯುಷ್ಮಾನ್ ಫಲಕ ನೋಡಿ ಒಳಹೊಕ್ಕವರು ಹೆಚ್ಚಾಗಿ ಎಡವುವುದು ಇಲ್ಲೇ.

ಪಟ್ಟಿಗಳು ಒಂದೇ ಅಲ್ಲ ಎಂಬುದೂ ತಿಳಿದಿರಬೇಕು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರ ಜೂನ್‌ನಲ್ಲಿ ಜಾರಿಯಾಗಿ, 2018ರಲ್ಲಿ ವಿಲೀನಗೊಂಡು, ಮತ್ತೆ ಬೇರೆಯಾಗಿ ಶುರುವಾದ ಯಶಸ್ವಿನಿಗೆ ಅದರದೇ ಟ್ರಸ್ಟ್, ಅದರದೇ ಆಸ್ಪತ್ರೆ ಪಟ್ಟಿ ಇದೆ. ಹಾಲಿನ ಡೇರಿಗಳ ಜಿಲ್ಲೆಯಾದ ಕೋಲಾರದಲ್ಲಿ ಎಷ್ಟೋ ಮನೆಗಳಲ್ಲಿ ಬಿಪಿಎಲ್ ಪಡಿತರ ಚೀಟಿಯೂ ಇರುತ್ತದೆ, ಡೇರಿ ಸದಸ್ಯತ್ವದಿಂದ ಬಂದ ಯಶಸ್ವಿನಿ ಕಾರ್ಡೂ ಇರುತ್ತದೆ. ಎರಡು ಕಾರ್ಡಿಗೂ ಒಂದೇ ಆಸ್ಪತ್ರೆ ನಡೆಯುತ್ತದೆ ಎಂದು ಭಾವಿಸುವಂತಿಲ್ಲ.

ಕ್ಲೇಮ್ ನಡೆಯುವ ರೀತಿಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಟದಲ್ಲಿ ಕೂಲಿ ಮಾಡುವ ಹೆಂಗಸಿಗೆ ಹೃದಯದ ಕವಾಟ ಬದಲಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಯೋಜನೆಯ 1,650 ಚಿಕಿತ್ಸೆಗಳು ನಾಲ್ಕು ವರ್ಗಗಳಲ್ಲಿವೆ: ಸರಳ ದ್ವಿತೀಯ ಹಂತ, ಕ್ಲಿಷ್ಟ ದ್ವಿತೀಯ ಹಂತ, ತೃತೀಯ ಹಂತ, ತುರ್ತು. ಸರಳವಾದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಕ್ಲಿಷ್ಟ ಮತ್ತು ತೃತೀಯ ಹಂತದವು ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದರೆ ಅಲ್ಲಿನ ವೈದ್ಯರು ರೆಫರಲ್ ಚೀಟಿ ಕೊಡುತ್ತಾರೆ. ಕವಾಟದ ಶಸ್ತ್ರಚಿಕಿತ್ಸೆ ತೃತೀಯ ಹಂತದ್ದು. ಆಕೆ ಪಡಿತರ ಚೀಟಿ, ಆಧಾರ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ಅಥವಾ ಕೋಲಾರದ ಎಸ್‌ಎನ್‌ಆರ್‌ನಲ್ಲಿ ಪರೀಕ್ಷೆಯಾಗಿ ಚೀಟಿ ಸಿಗುತ್ತದೆ. ಆ ಚೀಟಿ ಹಿಡಿದು ಪಟ್ಟಿಯಲ್ಲಿರುವ ಯಾವ ಆಸ್ಪತ್ರೆಗಾದರೂ ಹೋಗಬಹುದು; ಆಯ್ಕೆ ರೋಗಿಯದು, ಚೀಟಿ ಬರೆದವರದಲ್ಲ. ಬೆಂಗಳೂರಿನ ಜಯದೇವ ಆಗಬಹುದು, ಹೃದಯ ವಿಭಾಗಕ್ಕೆ ಮಾನ್ಯತೆ ಇರುವ ಮತ್ತೊಂದಾಗಬಹುದು.

ಆ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಕುಳಿತಿರುತ್ತಾರೆ. ಅವರು ಕಾರ್ಡಿನ ವಿವರ ತಾಳೆ ನೋಡಿ ಹೆಸರು ದಾಖಲಿಸುತ್ತಾರೆ. ಆಸ್ಪತ್ರೆ ಕವಾಟ ಬದಲಾವಣೆಯ ಪ್ಯಾಕೇಜ್ ಕೋಡ್ ಆರಿಸಿ, ಎಕೋ ವರದಿ ಮತ್ತಿತರ ದಾಖಲೆ ಹಾಕಿ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಹೆಸರು, ನೋಂದಣಿ ಸಂಖ್ಯೆ ನಮೂದಿಸಿ ಪೂರ್ವಾನುಮತಿ ಕೇಳುತ್ತದೆ. ಟ್ರಸ್ಟ್‌ನ ವೈದ್ಯರು ದಾಖಲೆ ನೋಡಿ ಒಪ್ಪುತ್ತಾರೆ, ಇಲ್ಲವೇ ಪ್ರಶ್ನೆ ಕೇಳಿ ವಾಪಸ್ ಕಳಿಸುತ್ತಾರೆ. ಒಪ್ಪಿಗೆ ಸಿಕ್ಕ ಮೇಲೆ ಶಸ್ತ್ರಚಿಕಿತ್ಸೆ. ಬಿಡುಗಡೆಯಾದ ಮೇಲೆ ಡಿಸ್ಚಾರ್ಜ್ ಸಮರಿ, ಫೋಟೊ, ಬಿಲ್ ಸೇರಿಸಿ ಕ್ಲೇಮ್. ಪ್ಯಾಕೇಜ್ ದರದಲ್ಲಿ ಹಾಸಿಗೆ, ಔಷಧ, ಪರೀಕ್ಷೆ, ಕವಾಟದ ಬೆಲೆ, ವೈದ್ಯರ ಶುಲ್ಕ ಎಲ್ಲವೂ ಸೇರಿವೆ. ಹಣ ಆಸ್ಪತ್ರೆಯ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅದರಲ್ಲಿ ವೈದ್ಯರಿಗೆ ಎಷ್ಟು, ಸಂಬಳವೋ ಕೇಸಿಗಿಷ್ಟೋ, ಅದು ಆಸ್ಪತ್ರೆಗೂ ವೈದ್ಯರಿಗೂ ನಡುವಿನ ಮಾತು. ಟ್ರಸ್ಟ್‌ಗೂ ವೈದ್ಯರಿಗೂ ನೇರ ಸಂಬಂಧವೇ ಇಲ್ಲ.

ಅದೇ ಹೆಂಗಸಿಗೆ ಮಧ್ಯರಾತ್ರಿ ಎದೆನೋವು ಬಂದಿದ್ದರೆ ಕಟ್ಟಳೆ ಬೇರೆ. ತುರ್ತು ವರ್ಗಕ್ಕೆ ರೆಫರಲ್ ಬೇಕಿಲ್ಲ. ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಕೆಪಿಎಂಇ ಕಾಯ್ದೆಯೂ ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಪಟ್ಟುಹಿಡಿಯಬಾರದು ಎನ್ನುತ್ತದೆ, ಮತ್ತು ಆ ಮಾತು ಟ್ರಸ್ಟ್‌ನ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಗೂ ಅನ್ವಯಿಸುತ್ತದೆ. ರೆಫರಲ್ ಇಲ್ಲದ್ದಕ್ಕೆ ತುರ್ತು ರೋಗಿಯನ್ನು ಬಾಗಿಲಲ್ಲಿ ನಿಲ್ಲಿಸುವುದು ನಿಯಮಕ್ಕೆ ಪೂರ್ತಿ ವಿರುದ್ಧ. ಹೆದ್ದಾರಿ ಹಾದುಹೋಗುವ ಕೋಲಾರ, ಮುಳಬಾಗಿಲಿನಂಥ ಊರುಗಳಲ್ಲಿ ಅಪಘಾತದ ಗಾಯಾಳುಗಳ ಮನೆಯವರು ಇದೊಂದನ್ನಾದರೂ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಈ ಇಡೀ ಏರ್ಪಾಟಿನಲ್ಲಿ ಹೊರರೋಗಿಗೆ ಜಾಗವಿಲ್ಲ. ದಾಖಲಾದ ರೋಗಿಗೆ, ದಾಖಲಾತಿಗೆ ಮುಂಚಿನ ಮತ್ತು ಬಿಡುಗಡೆಯ ನಂತರದ ಕೆಲವು ದಿನಗಳ ವೆಚ್ಚ ಸೇರಿದಂತೆ, ಹಣ ಸಿಗುತ್ತದೆ. ಮಾಲೂರಿನ ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳೂ ತೋರಿಸಿ, ಮಾತ್ರೆ ಕೊಳ್ಳುವವರಿಗೆ ಏನೂ ಇಲ್ಲ. ಆ ಕ್ಲಿನಿಕ್ಕಿನ ವೈದ್ಯರಿಗೆ ಕೆಎಂಸಿ ಸಂಖ್ಯೆ ಇದೆ, ಕೆಪಿಎಂಇ ಸಂಖ್ಯೆ ಇದೆ. ಸರ್ಕಾರಕ್ಕೆ ಬಿಲ್ ಕಳಿಸುವ ಸಂಖ್ಯೆ ಇಲ್ಲ, ಕೊಡುವ ಕಾನೂನೂ ಇಲ್ಲ. ಬಡವರ ಕೈಯಿಂದ ವರ್ಷವಿಡೀ ಹಣ ಹೋಗುವುದು ಇಂಥ ಸಣ್ಣ ಸಣ್ಣ ಭೇಟಿಗಳಲ್ಲೇ. ಸಂಖ್ಯೆಯನ್ನು ಹಾಸಿಗೆಗೆ ಕಟ್ಟಿಹಾಕಿದ್ದರ ದೊಡ್ಡ ಪರಿಣಾಮ ಇದು, ಮತ್ತು ಯೋಜನೆಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಆಸ್ಟ್ರೇಲಿಯಾದಲ್ಲಿ ಇದರ ಎದುರು ಬದಿಯ ಪದ್ಧತಿ ಇದೆ. ಅಲ್ಲಿನ 1973ರ ಆರೋಗ್ಯ ವಿಮಾ ಕಾಯ್ದೆಯಡಿ ಪ್ರತಿ ವೈದ್ಯರಿಗೂ ಮೆಡಿಕೇರ್ ಪ್ರೊವೈಡರ್ ಸಂಖ್ಯೆ ಸಿಗುತ್ತದೆ, ಅದೂ ಅವರು ಕೆಲಸ ಮಾಡುವ ಒಂದೊಂದು ಜಾಗಕ್ಕೆ ಒಂದೊಂದು. ಬೆಳಿಗ್ಗೆ ಒಂದು ಕ್ಲಿನಿಕ್, ಸಂಜೆ ಇನ್ನೊಂದು ಎಂದರೆ ಎರಡು ಸಂಖ್ಯೆ. ಕ್ಲಿನಿಕ್ಕಿನ ಸಾಮಾನ್ಯ ಭೇಟಿಗೂ ಅದೇ ಸಂಖ್ಯೆಯಲ್ಲಿ ಬಿಲ್ ಆಗುತ್ತದೆ. ಯಾರು, ಎಲ್ಲಿ, ಯಾವ ಚಿಕಿತ್ಸೆ ಕೊಟ್ಟರು ಎಂಬುದು ಹಣ ಕೊಡುವ ಸರ್ಕಾರಕ್ಕೆ ಆ ಸಂಖ್ಯೆಯಿಂದಲೇ ತಿಳಿಯುತ್ತದೆ. ಆ ಸಂಖ್ಯೆಗೆ ಷರತ್ತು ಹಾಕುವ ಮೂಲಕ ವೈದ್ಯರನ್ನು ಬೇಕಾದ ಊರಿಗೆ ಕಳಿಸುವ ಕೆಲಸವನ್ನೂ ಕಾನೂನು ಮಾಡುತ್ತದೆ: 1997ರಿಂದ ಜಾರಿಯಲ್ಲಿರುವ 19ಎಬಿ ಸೆಕ್ಷನ್ ಪ್ರಕಾರ ಹೊರದೇಶದಲ್ಲಿ ಓದಿ ಬಂದ ವೈದ್ಯರು ಸಾಮಾನ್ಯವಾಗಿ ಹತ್ತು ವರ್ಷ, ವೈದ್ಯರ ಕೊರತೆ ಇರುವ ಪ್ರದೇಶದಲ್ಲಿ ಕೆಲಸ ಮಾಡಿದರೆ ಮಾತ್ರ ಮೆಡಿಕೇರ್ ಹಣ ಸಿಗುತ್ತದೆ. ಕರ್ನಾಟಕದ ಕಾಲೇಜುಗಳಲ್ಲಿ ಓದಿ ಅಲ್ಲಿಗೆ ಹೋದವರಿಗೂ ಇದೇ ಕಟ್ಟಳೆ. ಕೋಲಾರ ಜಿಲ್ಲೆಯಲ್ಲೇ ಟಮಕದಲ್ಲಿ 1986ರಿಂದ ದೇವರಾಜ ಅರಸು ವೈದ್ಯಕೀಯ ಕಾಲೇಜಿದೆ. ಇಲ್ಲಿ ಓದಿದವರನ್ನು ಶ್ರೀನಿವಾಸಪುರದ ಕಡೆಗೆ ಕಳಿಸುವಂಥ ಹಣದ ಎಳೆಯೊಂದನ್ನು ನಮ್ಮ ಯೋಜನೆ ಹೆಣೆದಿಲ್ಲ. ಸಂಖ್ಯೆ ಆಸ್ಪತ್ರೆಯದಾದ್ದರಿಂದ ಹೆಣೆಯುವುದೂ ಕಷ್ಟ.

ವೈದ್ಯರು ಕಾಣದ ಈ ವ್ಯವಸ್ಥೆಯ ಇನ್ನೊಂದು ದೋಷ ಹೊಣೆಗಾರಿಕೆಯದು. ಸಣ್ಣ ಊರುಗಳ ಆಸ್ಪತ್ರೆಗಳು ವಾರಕ್ಕೊಮ್ಮೆ, ಎರಡು ಸಲ ಬರುವ ತಜ್ಞರನ್ನು ನೆಚ್ಚಿಕೊಂಡಿರುತ್ತವೆ. ಬೆಂಗಳೂರಿನಿಂದ ಬಂದು, ಸಾಲಾಗಿ ಶಸ್ತ್ರಚಿಕಿತ್ಸೆ ಮುಗಿಸಿ, ಅದೇ ಸಂಜೆ ಹಿಂತಿರುಗುವವರು. ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಇವರು ಬರದಿದ್ದರೆ ಎಷ್ಟೋ ಜನ ಚಿಕಿತ್ಸೆಯಿಲ್ಲದೆ ಉಳಿಯುತ್ತಿದ್ದರು. ಆದರೆ ಒಬ್ಬರ ಹೆಸರು ನಾಲ್ಕಾರು ಆಸ್ಪತ್ರೆಗಳ ಅರ್ಜಿಗಳಲ್ಲಿ ಇದ್ದಾಗ, ಅವರು ನಿಜವಾಗಿ ಎಲ್ಲಿ ಲಭ್ಯರಿದ್ದಾರೆ, ಶಸ್ತ್ರಚಿಕಿತ್ಸೆಯ ಮರುದಿನ ಜ್ವರ ಬಂದರೆ ನೋಡುವವರು ಯಾರು ಎಂಬುದು ಆಸ್ಪತ್ರೆಯ ಸಂಖ್ಯೆಯಿಂದ ತಿಳಿಯುವುದಿಲ್ಲ. ಮಹಾಲೇಖಪಾಲರು ಆಯುಷ್ಮಾನ್ ಭಾರತ್ ಯೋಜನೆಯ ಬಗ್ಗೆ 2023ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿ ಇಂಥ ಕುರುಡುತನದ ಇನ್ನೊಂದು ಮುಖವನ್ನು ತೋರಿಸಿತು: ದೇಶದಲ್ಲಿ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರು ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿತ್ತು, ಒಬ್ಬರೇ ರೋಗಿ ಒಂದೇ ಅವಧಿಯಲ್ಲಿ ಎರಡು ಆಸ್ಪತ್ರೆಗಳಲ್ಲಿ ದಾಖಲಾದ ಲೆಕ್ಕಗಳೂ ಸಿಕ್ಕವು. ರೋಗಿಯ ಗುರುತನ್ನೇ ಹೀಗೆ ತಾಳೆ ನೋಡದ ಕಡೆ ವೈದ್ಯರ ಗುರುತನ್ನು ಬಿಗಿಯಾಗಿ ನೋಡಲಾಗುತ್ತಿದೆ ಎಂದು ನಂಬುವುದು ಕಷ್ಟ.

ಮಾಲೂರು ಮತ್ತು ನರಸಾಪುರದ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರಿಗೆ ದಾರಿಯೇ ಬೇರೆ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯಿಂದ ಹುಟ್ಟಿದ ವ್ಯವಸ್ಥೆಯಲ್ಲಿ, ಅಂದರೆ ಇಎಸ್‌ಐನಲ್ಲಿ, ಸಂಬಳದ ಶೇ 0.75 ಕಾರ್ಮಿಕರಿಂದ, ಶೇ 3.25 ಮಾಲೀಕರಿಂದ ಸೇರುತ್ತದೆ; 2017ರಿಂದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಇಲ್ಲಿ ಡಿಸ್ಪೆನ್ಸರಿಯ ಹೊರರೋಗಿ ಚಿಕಿತ್ಸೆಯೂ ಉಂಟು. ದೊಡ್ಡ ಚಿಕಿತ್ಸೆಗೆ ಇಎಸ್‌ಐ ಜತೆ ಒಪ್ಪಂದವಿರುವ ಆಸ್ಪತ್ರೆಗೆ ಕಳಿಸುತ್ತಾರೆ, ಆ ಆಸ್ಪತ್ರೆ ಇಎಸ್‌ಐ ನಿಗಮಕ್ಕೆ ಬಿಲ್ ಕಳಿಸುತ್ತದೆ. ಖಾಸಗಿ ವೈದ್ಯರೊಬ್ಬರನ್ನೇ ವಿಮಾ ವೈದ್ಯರಾಗಿ ನೇಮಿಸಿ, ಅವರ ಬಳಿ ಹೆಸರು ಬರೆಸಿದ ಕಾರ್ಮಿಕರ ತಲೆಯೆಣಿಕೆಯ ಮೇಲೆ ಹಣ ಕೊಡುವ ಪ್ಯಾನೆಲ್ ಪದ್ಧತಿಯೂ ಇಎಸ್‌ಐನಲ್ಲಿದೆ. ಭಾರತದಲ್ಲಿ ವೈದ್ಯರಿಗೆ ವ್ಯಕ್ತಿಗತವಾಗಿ ಸಾರ್ವಜನಿಕ ವಿಮೆಯ ಹಣ ಕೊಡುವ ಹತ್ತಿರದ ಮಾದರಿ ಇದೇ. ಅಂದಮೇಲೆ ಕ್ಲಿನಿಕ್ ವೈದ್ಯರಿಗೆ ಸಂಖ್ಯೆ ಕೊಡುವುದು ಈ ನೆಲದಲ್ಲಿ ಆಗದ ಕೆಲಸವೇನೂ ಅಲ್ಲ.

ಮುಳಬಾಗಿಲಿಗೆ ಗಡಿಯ ಪ್ರಶ್ನೆ ಸೇರಿಕೊಳ್ಳುತ್ತದೆ. ನಂಗಲಿ ದಾಟಿದರೆ ಆಂಧ್ರ. ಕುಪ್ಪಂ, ಪಲಮನೇರು, ಚಿತ್ತೂರಿನ ಆಸ್ಪತ್ರೆಗಳಿಗೆ ಜನ ಹೋಗುವುದು ಸಹಜ. ರಾಷ್ಟ್ರೀಯ ಯೋಜನೆಗೆ ಸೇರಿದ ಕುಟುಂಬಗಳು ದೇಶದ ಯಾವ ರಾಜ್ಯದ ಮಾನ್ಯ ಆಸ್ಪತ್ರೆಯಲ್ಲಾದರೂ ಚಿಕಿತ್ಸೆ ಪಡೆಯಬಹುದು. ಆದರೆ ಕರ್ನಾಟಕದಲ್ಲಿ ಯೋಜನೆ ಶುರುವಾದಾಗ ಆ ಕೇಂದ್ರ ಪಟ್ಟಿಯಲ್ಲಿ ಇದ್ದದ್ದು ಸುಮಾರು 62 ಲಕ್ಷ ಕುಟುಂಬಗಳು. ಉಳಿದ ಬಿಪಿಎಲ್ ಕುಟುಂಬಗಳನ್ನು ರಾಜ್ಯ ತನ್ನ ಹಣದಲ್ಲಿ ಸೇರಿಸಿಕೊಂಡಿತು. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದೇ ಬಗೆಯ ಪಡಿತರ ಚೀಟಿ ಇದ್ದರೂ ಗಡಿಯಾಚೆ ಒಂದು ನಡೆದು ಇನ್ನೊಂದು ನಡೆಯದೆ ಹೋಗುವುದು ಇದರಿಂದ. ಹೊರಡುವ ಮುನ್ನ 14555ಕ್ಕೆ ಕರೆ ಮಾಡಿ ತಿಳಿದುಕೊಳ್ಳುವುದು ಒಳ್ಳೆಯದು. ರಾಜ್ಯದೊಳಗಿನ ಮಾಹಿತಿಗೆ 104 ಇದೆ.

ಒಡಂಬಡಿಕೆ ಮುರಿದ ಆಸ್ಪತ್ರೆಗೆ ಶಿಕ್ಷೆಯೂ ಒಡಂಬಡಿಕೆಯಲ್ಲೇ ಇದೆ. ಉಚಿತ ಚಿಕಿತ್ಸೆಗೆ ರೋಗಿಯಿಂದ ಹಣ ವಸೂಲಿ ಮಾಡಿದ್ದು ಸಾಬೀತಾದರೆ, ರಾಷ್ಟ್ರೀಯ ಪ್ರಾಧಿಕಾರ ಮೊದಲು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮೊದಲ ಸಲ ಹಣ ವಾಪಸ್ ಮತ್ತು ವಸೂಲಿಯ ಮೂರು ಪಟ್ಟು ಪರಿಹಾರ, ಎರಡನೇ ಸಲ ಕ್ಲೇಮ್ ಕೂಡ ತಿರಸ್ಕಾರ, ಮೂರನೇ ಸಲ ಪಟ್ಟಿಯಿಂದ ಹೊರಕ್ಕೆ. ಹೊರಹಾಕುವ ಮೊದಲು ನೋಟಿಸ್ ಕೊಟ್ಟು, ಆಸ್ಪತ್ರೆಯ ಮಾತು ಕೇಳಬೇಕು. ಈ ಶಿಕ್ಷೆಗಳೆಲ್ಲ ತಟ್ಟುವುದು ಸಂಸ್ಥೆಗೆ. ವೈದ್ಯರ ಮೇಲೆ ಕ್ರಮ ಬೇಕೆಂದರೆ ಬೇರೆಯಾಗಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಹೋಗಬೇಕು, ಅದಕ್ಕೆ ವೈದ್ಯರ ನೋಂದಣಿ ಸಂಖ್ಯೆ ಗೊತ್ತಿದ್ದರೆ ದಾರಿ ಸುಲಭ. ಚಿಕಿತ್ಸೆಯ ಲೋಪಕ್ಕೆ ಪರಿಹಾರ ಕೇಳುವುದಾದರೆ ಗ್ರಾಹಕ ಆಯೋಗವಿದೆ. ರೋಗಿಯ ಪರವಾಗಿ ವಿಮಾ ಕಂಪನಿ ಹಣ ಕೊಟ್ಟರೂ ಅದು ಉಚಿತ ಸೇವೆಯಾಗುವುದಿಲ್ಲ, ರೋಗಿ ಗ್ರಾಹಕನೇ ಎಂದು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಟ್ರಸ್ಟ್ ಹಣ ಕೊಟ್ಟ ಖಾಸಗಿ ಆಸ್ಪತ್ರೆಯ ಚಿಕಿತ್ಸೆಗೂ ಈ ತರ್ಕವೇ ಸಲ್ಲಬೇಕು.

ಸಂದುಗಳನ್ನು ಬೆಸೆಯುವ ಸಾಧನಗಳು ಈಗ ಬರುತ್ತಿವೆ. 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ವೈದ್ಯರಿಗೊಂದು, ಆಸ್ಪತ್ರೆಗೊಂದು, ರೋಗಿಗೆ 14 ಅಂಕಿಯ ‘ಆಭಾ’ ಎಂಬುದೊಂದು ಗುರುತು ಸಂಖ್ಯೆ ಇದೆ. 2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ನೋಂದಣಿಪುಸ್ತಕದ ಪೋರ್ಟಲ್ ತೆರೆಯಿತು. ರಾಜ್ಯ ಪರಿಷತ್ತುಗಳಲ್ಲಿ ಚದುರಿರುವ ಎಲ್ಲ ಅಲೋಪತಿ ವೈದ್ಯರಿಗೂ ಆಧಾರ್‌ಗೆ ಜೋಡಿಸಿದ ಒಂದೇ ಸಂಖ್ಯೆ ಕೊಡುವುದು ಅದರ ಉದ್ದೇಶ. ಈ ಸಂಖ್ಯೆಯನ್ನು ಪ್ರತಿ ಕ್ಲೇಮಿಗೂ ಕಡ್ಡಾಯ ಮಾಡಿ, ಒಬ್ಬ ವೈದ್ಯರು ಒಂದೇ ಗಂಟೆಯಲ್ಲಿ ಎರಡು ಊರುಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿದಂತೆ ದಾಖಲಾದರೆ ಕಂಪ್ಯೂಟರೇ ತಡೆಯುವಂತೆ ಮಾಡಬಹುದು. ರೋಗಿಯ ಕೈಗೆ ಹೋಗುವ ಡಿಸ್ಚಾರ್ಜ್ ಸಮರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರ ಹೆಸರು ಮತ್ತು ಸಂಖ್ಯೆ ಓದುವಂತೆ ಅಚ್ಚಾಗಬೇಕೆಂದು ಟ್ರಸ್ಟ್ ಒಡಂಬಡಿಕೆಯಲ್ಲೇ ಷರತ್ತು ಹಾಕಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, 2002ರ ನಿಯಮದ ಬೆಂಬಲ ಈಗಾಗಲೇ ಇದೆ.

ಅಲ್ಲಿಯವರೆಗೆ, ಹಣ ಕೇಳಿದ ಅಥವಾ ಚಿಕಿತ್ಸೆ ನಿರಾಕರಿಸಿದ ದೂರನ್ನು ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರಿಗೆ ಕೊಟ್ಟು ದಾಖಲೆ ಮಾಡಿಸಬೇಕು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಸಮಿತಿಗೆ, ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಸಮಿತಿಗೆ ಮೇಲ್ಮನವಿ. ದೂರಿನ ಜತೆ ರೆಫರಲ್ ಚೀಟಿ, ಪಡಿತರ ಚೀಟಿಯ ನಕಲು, ಕೊಟ್ಟ ಹಣದ ರಸೀದಿ, ಡಿಸ್ಚಾರ್ಜ್ ಸಮರಿ ಇರಬೇಕು. ರಸೀದಿ ಕೊಡದೆ ಹಣ ಪಡೆದಿದ್ದರೆ ಯಾವ ದಿನ, ಎಷ್ಟು, ಯಾರ ಕೈಗೆ ಎಂಬುದನ್ನು ಬರೆದುಕೊಡಬೇಕು. ಫೋನ್‌ಪೇ ಅಥವಾ ಗೂಗಲ್ ಪೇನಲ್ಲಿ ಕಳಿಸಿದ್ದರೆ ಅದರ ವಿವರವೇ ಸಾಕ್ಷಿ.